ಬಾಡಿಗೆ ಕುರ್ಚಿಯ ಲೆಕ್ಕ

ಬದಿಯಡ್ಕದ ನಮ್ಮ ಅಂಗಡಿಯಲ್ಲಿ ಕುರ್ಚಿ ನಾನೂರು.
ಕೈಯಿರುವುದಕ್ಕೆ ಒಂಬತ್ತು ರೂಪಾಯಿ,
ಕೈಯಿಲ್ಲದ್ದಕ್ಕೆ ಆರು,
ಕಾಲು ಮುರಿದರೆ ಪೂರ್ತಿ ಕ್ರಯ.
ಮದುವೆಗೂ ಅವೇ, ಬೊಜ್ಜಕ್ಕೂ ಅವೇ,
ಗ್ರಾಮಸಭೆಗೂ ಅವೇ.

ಶನಿವಾರ ಕಾಟುಮೂಲೆ ಶಾಲೆಯಲ್ಲಿ ಸಭೆ.
ಎಂಬತ್ತು ಹೇಳಿದ್ದರು, ಸಾಲು ಹಿಡಿದು ಇಟ್ಟೆ.
ಯಾವುದನ್ನು ಎಲ್ಲಿ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ ನನಗೆ;
ಕೈಯಿರುವ ಹತ್ತು
ತಾವಾಗಿಯೇ ಹೋಗಿ ಫ್ಯಾನಿನ ಕೆಳಗೆ ನಿಲ್ಲುತ್ತವೆ.

ಮೊದಲು ಬಂದದ್ದು ಕಾಲನಿಯ ಮಾಂಕು,
ಒಂಬತ್ತೂವರೆಗೇ, ಸೊಸೆಯ ಚಪ್ಪಲಿ ಮೆಟ್ಟಿಕೊಂಡು.
ಕೂತ್ಕೊ ಮಾಂಕು, ಅಂದೆ.
"ಇರ್ಲಿ, ಬರುವವರು ಬರ್ಲಿ" ಅಂದಳು, ಕಂಬಕ್ಕೆ ಒರಗಿದಳು.
ಕಾಲನಿಯವರೆಲ್ಲ ಹಾಗೇ, ಗೋಡೆಗೆ, ಕಿಟಕಿಗೆ.
ಪುಸ್ತಕ ಬಂತು. ಸಹಿ ಹಾಕಿದರು, ಹೆಬ್ಬೆರಳು ಒತ್ತಿದರು.
ಕೋರಂ ಆಯ್ತು, ಅಂದರು ಮೆಂಬರು,
ಗೋಳಿಬಜೆಯ ಪೊಟ್ಟಣ ಒಳಗೆ ತರುತ್ತ.

ಪಣೆಯ ಧನಿ ಸಂಕಪ್ಪಣ್ಣ ಬಂದದ್ದು ಹನ್ನೊಂದಕ್ಕೆ.
ತಡವಾಗಿ ಬರಲಿಕ್ಕೂ ಒಂದು ಅಂತಸ್ತು ಬೇಕು ಮಾರಾಯ್ರೆ.
ಅವರ ಕುರ್ಚಿಗೆ ಟವೆಲ್ಲು ಬಂತು.
ಅಜೆಂಡಾ ಓದಿದ್ದು ಮಲಯಾಳದಲ್ಲಿ,
ಕುಂಬಳೆಯಲ್ಲಿ ನಿಲ್ಲದೆ ಹೋಗುವ ರೈಲಿನ ಹಾಗೆ.
ಪಣೆಗೆ ಹೋಗುವ ಮಾರ್ಗಕ್ಕೆ ಕಾಂಕ್ರೀಟು, ಪಾಸು.
ಕಾಲನಿಯ ಬಾವಿಗೆ ಪಂಪು, ಮುಂದಿನ ಸಲ.
"ವಿರೋಧ ಉಂಟಾ?"
ಇದೊಂದನ್ನು ಮಾತ್ರ ಕನ್ನಡದಲ್ಲಿ ಕೇಳಿದರು.

ಮಾಂಕು ಬಾಯಿ ತೆರೆದಳು. ನಾನು ನೋಡಿದ್ದೇನೆ.
ಅವಳ ಇಬ್ಬರು ಮಕ್ಕಳು ಕಲ್ಲು ಹೊರುವುದು ಆ ಪಣೆಯಲ್ಲಿ,
ಅವತ್ತು ಸಂಜೆ ಬಟವಾಡೆ.
ಬಾಯಿ ಮುಚ್ಚಿದಳು.
ಆಕಳಿಕೆ ಅಂತ ಬರೆದುಕೊಂಡರೋ ಏನೋ.

ಮಿನಿಟ್ಸಿನಲ್ಲಿ, ಹಾಜರು ನೂರಾ ಹದಿನೆಂಟು, ಸರ್ವಾನುಮತ.
ನನ್ನ ಪುಸ್ತಕದಲ್ಲಿ, ಹೋದದ್ದು ಎಂಬತ್ತು.
ಅದರಲ್ಲಿ ಧೂಳು ಒರೆಸಿ ಹೋದದ್ದು ಇಪ್ಪತ್ತಾರು;
ಉಳಿದವುಗಳ ಮೇಲೆ
ಅಂಗಡಿಯಿಂದ ತಂದ ಧೂಳು ಹಾಗೆಯೇ ಉಂಟು.

ಅಟ್ಟಿ ಕಟ್ಟುವಾಗ ಒಂದನ್ನು ಎತ್ತಿ ಟೆಂಪೋಕ್ಕೆ ಕೊಟ್ಟಳು ಮಾಂಕು.
"ಇದಕ್ಕೆ ಬಾಡಿಗೆ ಎಷ್ಟು?"
ಆರು ರೂಪಾಯಿ.
"ಕೂರದಿದ್ದರೂ?"
ಕೂರದಿದ್ದರೂ.
"ಯಾರು ಕೊಡುವುದು?"
ಪಂಚಾಯತು, ಅಂದೆ.
ಪಂಚಾಯತು ಅಂದರೆ, ಎಂದು ಮುಂದೆ ಹೇಳಲಿಕ್ಕೆ ಹೊರಟೆ,
ಅಷ್ಟರಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು
ಗುಡ್ಡೆ ಇಳಿಯುತ್ತಿದ್ದಳು, ಬೇಗ ಬೇಗ.
ಸೊಸೆಗೆ ಮಧ್ಯಾಹ್ನದ ಕೆಲಸಕ್ಕೆ ಅದು ಬೇಕು.