ಮಳೆ ಪುಸ್ತಕ

ಆಲ್ದೂರಿನಾಚೆ ಎಸ್ಟೇಟಿನ ಆಫೀಸಿನಲ್ಲಿ
ಮೂವತ್ತೊಂದು ವರ್ಷ ಮಳೆ ಬರೆದವನು ನಾನು,
ರೈಟರ್ ಲಿಗೋರಿ.
ಬೆಳಿಗ್ಗೆ ಎಂಟಕ್ಕೆ ಮಾಪಕದ ಮುಚ್ಚಳ ತೆಗೆದು
ಗಾಜಿನ ಅಳತೆಗೆ ಸುರಿದು, ಕಣ್ಣಮಟ್ಟಕ್ಕೆ ಹಿಡಿದು
ಇಂಚೆಷ್ಟು, ಸೆಂಟೆಷ್ಟು.
ಬಾರದ ದಿನ ಸೊನ್ನೆ. ಸೊನ್ನೆಗೂ ಸಹಿ.

ಈಗ ಬಂದಿದ್ದಾರೆ ಕಾರ್ಬನ್ನಿನವರು.
ಮರದ ಎದೆಗೆ ಟೇಪು ಸುತ್ತಿ, ತಗಡಿನ ನಂಬರು ಹೊಡೆದು
ನಂದಿ, ಹಲಸು, ಅತ್ತಿ, ಸಿಲ್ವರು
ಎಲ್ಲಕ್ಕೂ ಒಂದೇ ತಕ್ಕಡಿ: ಇಷ್ಟು ಟನ್ನು ಗಾಳಿ.
"ಗಾಳಿ ತೂಗುವ ತಕ್ಕಡಿ ಯಾವ ಅಂಗಡಿಯದಮ್ಮ?" ಅಂದೆ.
ಶರ್ಮಿಷ್ಠಾ ಅಂತ ಹುಡುಗಿ, ಒಳ್ಳೆಯವಳು, ನಕ್ಕಳು.
"ಸೂತ್ರ ಇದೆ ಸಾರ್."
ಇರಬಹುದು.
ಕಡಿಯಬೇಕೆಂದು ಕನಸಲ್ಲೂ ಎಣಿಸದ ಮರವನ್ನು
ಕಡಿಯುವುದಿಲ್ಲ ಎಂದು ಬರೆದುಕೊಟ್ಟರೆ
ಯಾವುದೋ ದೇಶದ ವಿಮಾನ
ಪಾಪ ತೊಳೆದುಕೊಂಡು ಹಾರುತ್ತದಂತೆ.
ನಮ್ಮ ಇಗರ್ಜಿಯಲ್ಲಾದರೆ
ಮಾಡಿದವನೇ ಮೊಣಕಾಲೂರಬೇಕು.

ಅಂಜಲೆಗೆ ಹೇಳಿದ್ದಾರೆ, ಸೌದೆ ಆರಿಸಬೇಡ ಅಂತ.
ಬಿದ್ದ ಕೊಂಬೆಯೂ ಈಗ ಲೆಕ್ಕದೊಳಗೆ.
ಅವಳ ಅತ್ತೆ ನೆಟ್ಟ ಸಿಲ್ವರು ಅದು,
ದಿನಕ್ಕೆ ಏಳು ರೂಪಾಯಿ ಕೂಲಿಯಿದ್ದಾಗ.
ಬದಲಿಗೆ ಕೊಟ್ಟದ್ದು ಹೊಗೆಯಿಲ್ಲದ ಒಲೆ,
ಹೊಟ್ಟೆಯ ಮೇಲೆ ಯೋಜನೆಯ ಹೆಸರು, ಹಸಿರೆಲೆಯ ಚಿತ್ರ.
ಹೊಗೆಯಿಲ್ಲ, ನಿಜ. ಹಂಡೆಯ ನೀರೂ ಕಾಯುವುದಿಲ್ಲ.
ಅದರ ಮೇಲೆ ಬುಟ್ಟಿಯಿಟ್ಟು ಕೋಳಿ ಕಾವು ಕೂರಿಸಿದ್ದಾಳೆ.
ವರದಿಯಲ್ಲಿ: ಫಲಾನುಭವಿ ಕುಟುಂಬ, ಒಂದು.

ನಿನ್ನೆ ಸಾಹುಕಾರರ ಹಾಲಿನ ಗೋಡೆಗೆ ಬೆಳಕು ಬಿಟ್ಟು
ನನ್ನ ಮಳೆ ಪುಸ್ತಕವನ್ನೇ ಗೆರೆ ಮಾಡಿ ತೋರಿಸಿದರು.
ಕೆಂಪು ಗೆರೆ, ಹತ್ತುತ್ತ ಇಳಿಯುತ್ತ
ದನ ತುಳಿದ ಗುಡ್ಡದ ದಾರಿಯ ಹಾಗೆ.
"ಇಲ್ಲಿ ನೋಡಿ," ಕೋಲಿನ ತುದಿ ನಿಂತಿತು,
"ತೊಂಬತ್ತೇಳರ ಜುಲೈ. ಒಂದೇ ದಿನ
ಹನ್ನೊಂದು ಇಂಚು ನಲವತ್ತು ಸೆಂಟು.
ಮೊದಲ ಎಚ್ಚರಿಕೆ."

ಎದೆ ಧಸಕ್ಕೆಂದಿತು.
ಆ ದಿನ ನಾನು ಮಾಪಕದ ಹತ್ತಿರ ಹೋಗಿಯೇ ಇರಲಿಲ್ಲ.
ಜ್ವರ. ಕಂಬಳಿಯೊಳಗಿಂದ ಹೆಂಚಿನ ಸದ್ದು ಕೇಳಿ
ಹೆಂಡತಿಗೆ ಅಂದೆ: ಬರಿ, ಹನ್ನೊಂದು.
ಬರೀ ಹನ್ನೊಂದಾದರೆ ದುಂಡಗಾಯಿತು,
ನಂಬಿಕೆಗಿರಲಿ ಅಂತ ನಲವತ್ತು ಸೆಂಟು.
ಗೆರೆಯ ಆ ಚೂಪು ತುದಿ
ಭೂಮಿಯ ಜ್ವರವಲ್ಲ, ನನ್ನದು.
ನೂರಾ ಮೂರು ಡಿಗ್ರಿ.

ಹೇಳಿಬಿಡೋಣ ಅಂತ ಕೈ ಎತ್ತಿದೆ.
ಪಕ್ಕದ ತೋಟದ ತಿಮ್ಮರಸೇಗೌಡರು ಆಗಲೇ ಗೊಣಗುತ್ತಿದ್ದರು:
"ಎಲ್ಲ ಬೊಗಳೆ. ನಮ್ಮಪ್ಪನ ಕಾಲದಲ್ಲೂ ಹಿಂಗೇ ಸುರೀತಿತ್ತು."
ನನ್ನದೊಂದು ಸುಳ್ಳು ಸಿಕ್ಕರೆ ಸಾಕು ಅವರಿಗೆ,
ಉಳಿದ ಹನ್ನೊಂದು ಸಾವಿರ ಬೆಳಗನ್ನೂ
ಕ್ಲಬ್ಬಿನ ಗ್ಲಾಸಿನಲ್ಲಿ ಮುಳುಗಿಸಿಬಿಡುತ್ತಾರೆ.
ಆ ಬೆಳಗುಗಳು ಸುಳ್ಳಲ್ಲ.
ಹಣ್ಣು ಗಿಡದಲ್ಲಿರುವಾಗಲೇ ಹೂಮಳೆ ಬಂದದ್ದು,
ಡಿಸೆಂಬರಿನಲ್ಲಿ ಕಣದ ಕಾಫಿ ಬೂಸ್ಟು ಹಿಡಿದದ್ದು
ನನ್ನ ಅಕ್ಷರದಲ್ಲೇ ಇವೆ, ಜ್ವರವಿಲ್ಲದ ಕೈಯಲ್ಲಿ.

"ಏನೋ ಕೇಳಬೇಕಿತ್ತಾ ಸಾರ್?"
ಎತ್ತಿದ ಕೈಗೆ ಏನಾದರೂ ಕೆಲಸ ಕೊಡಬೇಕಲ್ಲ.
"ಅಂಜಲೆ ನೀರು ಯಾವುದರಲ್ಲಿ ಕಾಯಿಸಬೇಕು?" ಅಂದೆ.
"ಒಳ್ಳೆ ಪ್ರಶ್ನೆ," ಅಂದಳು. ಬರೆದುಕೊಂಡಳು.
ನಾನೂ ಬಹಳ ಬರೆದುಕೊಂಡವನೇ, ಗೊತ್ತು.

ರಾತ್ರಿ ಬೀರು ತೆಗೆದು, ತೊಂಬತ್ತೇಳರ ಪುಟಕ್ಕೆ ಹೋಗಿ
ಹೆಂಡತಿಯ ದುಂಡಕ್ಷರದ ಪಕ್ಕ, ಅಂಚಿನಲ್ಲಿ
"ಅಂದಾಜು" ಅಂತ ಬರೆದೆ. ಪೆನ್ಸಿಲಿನಲ್ಲಿ.
ಇಂಕಿಗೆ ಇನ್ನೂ ಧೈರ್ಯ ಬಂದಿಲ್ಲ.

ಈ ಬೆಳಿಗ್ಗೆ ಮಾಪಕದಲ್ಲಿ ಒಂದು ಇರುವೆ, ಮಳೆ ಸೊನ್ನೆ.
ಲೈನಿನ ಕಡೆಯಿಂದ ಅಂಜಲೆ ಕೂಗಿದಳು:
"ಒಲೆ ಮೇಲೆ ಒಂಬತ್ತು ಮರಿ ಆಗಿದೆ ರೈಟ್ರೇ!"
ಹೋಗಿ ಎಣಿಸಿದೆ.
ಎಂಟು.