ಕಿತ್ತಳೆ ಗಾತ್ರದ್ದು

ಒಂದು ಕಿತ್ತಳೆಯಷ್ಟಿದೆ, ಅಂದರು ದೊಡ್ಡ ಡಾಕ್ಟರು,
ಪರದೆಯ ಬೂದುಮೋಡಕ್ಕೆ ಪೆನ್ನಿನ ತುದಿ ಕುಟ್ಟುತ್ತ.
ಪಕ್ಕದ್ದು ನಿಂಬೆ. ಹಿಂದೆ ಅವಿತದ್ದು ಗೋಲಿ,
ಅದನ್ನು ಲೆಕ್ಕಕ್ಕೆ ಹಿಡಿಯಬೇಡ.

ನನ್ನೆದುರು ಹಣ್ಣಿನ ಮಾತೇ?
ಇಪ್ಪತ್ತೆರಡು ವರ್ಷ ಹೊಹೊಯೆಯ ಸಂತೆಯಲ್ಲಿ
ತಲೆಯ ಮೇಲೆ ತಟ್ಟೆ ಹೊತ್ತವಳು ನಾನು, ಎಸೆನಾಮ್.
ಯಾವ ಕಿತ್ತಳೆ ಸ್ವಾಮಿ?
ಮಳೆ ಕುಡಿದು ಸಪ್ಪೆಯಾದದ್ದೋ,
ಧೂಳುಗಾಳಿಯ ತಿಂಗಳಲ್ಲಿ ಸುಕ್ಕಿ ಸಿಹಿಯಾದದ್ದೋ?
ಕೇಳಲಿಲ್ಲ.
ಕಪ್ಪು ಬಟ್ಟೆ ನಾಲ್ಕು ಮಡಿಕೆ ಮಾಡಿ ಕೆಳಗೆ ಹಾಸಿ
ಕೂತಿದ್ದೆ, ಎದ್ದಾಗ ಕುರ್ಚಿಯಲ್ಲಿ
ಕಲೆ ಉಳಿಯಬಾರದೆಂದು.

‘ಮೂರು ಹೆತ್ತಿದ್ದೀಯ. ವಯಸ್ಸು ನಲವತ್ತಾರು.
ಇನ್ನೇತಕ್ಕೆ ಆ ಚೀಲ?
ಒಟ್ಟಿಗೇ ತೆಗೆದುಬಿಡೋಣ, ರಗಳೆ ಮುಗಿಯಿತು.’

ರಕ್ತ ಏಳಕ್ಕಿಳಿದಿದೆ ಅಂತ ಕಾಗದ ಹೇಳುವ ಮೊದಲೇ
ನಾಲಿಗೆಗೆ ಗೊತ್ತಿತ್ತು.
ನಡುರಾತ್ರಿ ಎದ್ದು ಬಿಳಿಮಣ್ಣಿನ ಉಂಡೆ
ಕಟಕಟ ಕಡಿಯುತ್ತೇನೆ.
ಈ ವಯಸ್ಸಿಗೆ ಬಸುರಿ ಬಯಕೆಯೇ ಅಕ್ಕಾ, ಅಂತ ತಂಗಿ ಜಿಫಾ
ನಕ್ಕವಳು, ನನ್ನ ಉಗುರಿನ ಬಣ್ಣ ನೋಡಿ
ಅರ್ಧಕ್ಕೇ ನಿಲ್ಲಿಸಿದಳು.

ಅಕ್ಪೆನೆ ಅತ್ತೆ ತೆಗೆಸಿಕೊಂಡಳು, ಮೂವತ್ತೊಂಬತ್ತಕ್ಕೆ.
ಈಗ ಭಾನುವಾರ ಚರ್ಚಿಗೆ ಬೆಳ್ಳನೆ ಬಟ್ಟೆ ಉಟ್ಟು ಹೋಗುತ್ತಾಳೆ.
‘ಹಗುರಾದೆ ಕಣೇ’ ಅನ್ನುತ್ತಾಳೆ. ನಂಬುತ್ತೇನೆ.
ಆದರೆ ಆವತ್ತು ಅವಳ ಹೆಬ್ಬೆಟ್ಟನ್ನು ಹಿಡಿದು ಒತ್ತಿಸಿದರಲ್ಲ,
ಆ ಕಾಗದದಲ್ಲಿ ಏನಿತ್ತೋ ಇವತ್ತಿಗೂ ಗೊತ್ತಿಲ್ಲ ಅವಳಿಗೆ.

ಮಕ್ಕಳಿಗಾಗಿ ಅಲ್ಲ. ಸಾಕಷ್ಟು ಹೆತ್ತೆ.
ನಮ್ಮನೆಯ ಹಿಂದಿನ ಕೋಣೆ ಹತ್ತು ವರ್ಷದಿಂದ ಖಾಲಿ.
ಕಿಟಕಿ ತೆರೆಯುತ್ತೇನೆ, ಗುಡಿಸುತ್ತೇನೆ, ಮುಚ್ಚುತ್ತೇನೆ.
ಯಾರೂ ಬಂದು, ಕೆಡವಿಬಿಡು, ಅಂದದ್ದಿಲ್ಲ.
ನೆಗಡಿ ಬಂತೆಂದು ಮೂಗು ಕೊಯ್ಯುವುದೇ, ಅಂದೆ ಜಿಫಾಗೆ.
ಇದು ನೆಗಡಿಯಲ್ಲ ಅಕ್ಕಾ, ಅಂದಳು ಅವಳು.
ಅದೂ ನಿಜವೇ.

ಗಂಡನಿಗೆ ಹೇಳಿದೆ.
ರೇಡಿಯೋದ ಸದ್ದು ಇಳಿಸಿದ. ಅವನ ಮಟ್ಟಿಗೆ ಅದೇ ದೊಡ್ಡದು.

ಆಕ್ರಾಗೆ ವ್ಯಾನಿನಲ್ಲಿ ಐದು ತಾಸು,
ಹೊಗೆಮೀನಿನ ಎರಡು ಬುಟ್ಟಿಗಳ ನಡುವೆ.
ಅಲ್ಲಿ ಡಾಕ್ಟರ್ ಸೆಲೋಮ್, ಚಿಕ್ಕವಳು, ಮೋಟುಗುರಿನ ಹುಡುಗಿ,
ಔಷಧಿಚೀಟಿಯ ಹಿಂದೆ ಚಿತ್ರ ಬರೆದಳು:
ಗಂಟುಗಳನ್ನಷ್ಟೇ ಬಿಡಿಸಿ ಚೀಲ ಹೊಲಿಯಬಹುದು.
ಇಲ್ಲ, ತೊಡೆಸಂದಿಯಲ್ಲಿ ಸಣ್ಣ ನಳಿಗೆ ತೂರಿಸಿ
ಮರಳಿನಂಥ ಕಣ ಬಿಟ್ಟು
ಗಂಟಿಗೆ ರಕ್ತ ಹೋಗುವ ಕಾಲುವೆ ಕಟ್ಟಬಹುದು,
ನೀರು ತಪ್ಪಿದ ಕಾಯಿ ಒಣಗುವ ಹಾಗೆ
ಅದು ಅಲ್ಲೇ ಕುಗ್ಗುತ್ತದೆ.
ಮಾತ್ರೆ ನುಂಗುತ್ತ, ಮುಟ್ಟು ನಿಲ್ಲುವತನಕ
ಕಾದು ನೋಡುವವರೂ ಇದ್ದಾರೆ.
‘ಮತ್ತೆ ಬೆಳೆದೀತು. ನೋವಿದೆ. ದುಡ್ಡೂ ಹೆಚ್ಚು.
ಸುಳ್ಳು ಹೇಳಲಾರೆ.’

ಸುಳ್ಳು ಹೇಳಲಾರೆ.
ಆವತ್ತಿನ ಬೋಣಿ ಅದು. ಕಣ್ಣಿಗೊತ್ತಿಕೊಂಡೆ.

ಚೀಲದಿಂದ ಒಂದು ಹಣ್ಣು ತೆಗೆದೆ, ಬ್ಲೇಡು ತೆಗೆದೆ.
ಹಸಿರು ಸಿಪ್ಪೆ ಒಂದೇ ಎಳೆಯಾಗಿ
ಮೇಜಿನ ಮೇಲೆ ಸುರುಳಿ ಸುರುಳಿ ಇಳಿಯಿತು.
ಒಳಗಿನ ಬಿಳಿಗೆ ಒಂದು ಗೀರೂ ಇಲ್ಲ, ಒಂದು ಹನಿ ರಸ ಹೊರಬರಲಿಲ್ಲ.
‘ನಿಮ್ಮ ಕೈ ಹೀಗಿದೆಯೇನಮ್ಮ?’
ತನ್ನ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.
‘ಇಷ್ಟು ಚೆನ್ನಾಗಿಲ್ಲ. ಹತ್ತಿರ ಹತ್ತಿರ.’

ಇನ್ನೂ ಹೂಂ ಅಂದಿಲ್ಲ ನಾನು.
ಮೊದಲು ಕಬ್ಬಿಣದ ಮಾತ್ರೆ, ಮೂರು ತಿಂಗಳು.
ರಕ್ತ ಕೊಡಲು ಇಬ್ಬರನ್ನು ಕರೆತರಬೇಕಂತೆ. ಜಿಫಾ ಒಬ್ಬಳು.
ಇನ್ನೊಬ್ಬರು ಸಿಗುತ್ತಾರೆ, ಸಂತೆ ದೊಡ್ಡದಿದೆ.
ಹಾಲುಪುಡಿಯ ಡಬ್ಬಿ ಬಗ್ಗಿಸಿ ಸೆಡಿ ಎಣಿಸಿದೆ,
ಎರಡು ಸಲ. ಎರಡು ಸಲವೂ ಅಷ್ಟೇ.

ಈ ರಾತ್ರಿಯೂ ಎದ್ದೆ.
ಮಣ್ಣಿನ ಉಂಡೆ ಮೂಗಿಗೆ ಹಿಡಿದೆ,
ಮೊದಲ ಮಳೆಯ ನೆಲದ ವಾಸನೆ.
ಅರ್ಧ ಕಡಿದೆ.
ಅರ್ಧ ಎತ್ತಿಟ್ಟೆ.