ದ್ವಿವಚನ

ಲೌಸಿಟ್ಸಿನ ಆ ಸಭೆಗೆ ನಾನು ಹೋದದ್ದು ಅನುವಾದಕ್ಕೆ.
ಪುಟಕ್ಕೆ ಇಷ್ಟು ಎಂದು ಕೂಲಿ, ಬಸ್ ಚಾರ್ಜು ಬೇರೆ.
ಅಗ್ನಿಶಾಮಕ ದಳದ ಷೆಡ್ಡು, ಮಡಚುವ ಕುರ್ಚಿ,
ಗೋಡೆಗುಂಟ ಒಣಹಾಕಿದ ಉದ್ದನೆಯ ಪೈಪು,
ಎದುರಿಗೆ ಡ್ರೆಸ್ಡೆನ್ನಿನಿಂದ ಬಂದ ಶ್ರೀಮತಿ ಟೀಲೆಮಾನ್,
ಅವರ ಕೈಯಲ್ಲಿ ನೂರಾ ಹನ್ನೆರಡು ಪುಟದ ಯೋಜನೆ.

ಕಂದು ಕಲ್ಲಿದ್ದಲು ನಿಲ್ಲುತ್ತದೆ. ಗಣಿಯ ಗುಂಡಿಗೆ ನೀರು ತುಂಬುತ್ತದೆ.
ನೀರಿನ ಮೇಲೆ ತೇಲುವ ಸೌರಫಲಕ,
ದಂಡೆಯಲ್ಲಿ ಗಾಳಿಯಂತ್ರ ಹದಿನೇಳು.
ಹೊಗೆ ಇಷ್ಟು ಇಳಿಯುತ್ತದೆ, ಇಷ್ಟು ವರ್ಷದೊಳಗೆ.
ಅಂಕಿಗಳಿಗೇನು, ಯಾವ ಭಾಷೆಗೆ ಹೋದರೂ
ಅದೇ ಮುಖ ಹೊತ್ತು ಕೂರುತ್ತವೆ.
ನಾನು ತಡವರಿಸಿದ್ದು ಕೊನೆಯ ಪುಟದಲ್ಲಿ,
ತೀರ ಸಣ್ಣ ವಾಕ್ಯ:
"ಈ ದಾರಿಯನ್ನು ನಾವು ಜೊತೆಯಾಗಿ ನಡೆಯುತ್ತೇವೆ."

ನಮ್ಮ ಸೋರ್ಬ್ ಮಾತಿನಲ್ಲಿ 'ನಾವು' ಎರಡಿದೆ.
ಇಬ್ಬರೇ ಇದ್ದರೆ ಮೊಯ್.
ಮೂವರಾದರೆ, ಅರವತ್ತು ಸಾವಿರವಾದರೆ, ಮಿ.
ಹಾಸಿಗೆಯಲ್ಲಿ ಮೊಯ್, ಗರಗಸದ ಎರಡು ತುದಿಗೆ ಮೊಯ್,
ಇಗರ್ಜಿಯಲ್ಲಿ ಮಿ, ಮುಷ್ಕರದಲ್ಲಿ ಮಿ.
ಕಣ್ಣು ನೋಯಲಿ, ಮೊಣಕಾಲು ನೋಯಲಿ,
ಜೋಡಿ ನೊಂದರೆ ಕ್ರಿಯಾಪದವೂ ಜೋಡಿ.
ಒಬ್ಬರು ತೀರಿಕೊಂಡ ಮೇಲೂ ಕೆಲವರು
ಅದನ್ನೇ ಹಿಡಿದು ಮಾತಾಡುವುದುಂಟು;
ವ್ಯಾಕರಣ ತಪ್ಪು, ಯಾರೂ ತಿದ್ದುವುದಿಲ್ಲ.

ಮೂರನೇ ಸಾಲಿನಿಂದ ವೊರ್ಶಾ ಕುಬಾಶೋವಾ ಎದ್ದಳು.
ಎಂಬತ್ತೆಂಟರಲ್ಲಿ ಲಿಪಿನಾ ಊರನ್ನು ಅಗೆದಾಗ
ಕೋಳಿಗೂಡಿನ ಸಮೇತ ಹೊರಟು ಬಂದವಳು.
"ಯಾವ ನಾವು?" ಎಂದಳು. ಕೂತಳು.

ಆಗಲೂ ಒಂದು ಕಾಗದ ಬಂದಿತ್ತು, ಬೇರೆ ಸರ್ಕಾರದ್ದು,
ಅದರಲ್ಲೂ ಒಂದು 'ನಾವು' ಇತ್ತು:
ನಾವು ದೇಶಕ್ಕೆ ಬೆಳಕು ಕೊಡುತ್ತಿದ್ದೇವೆ.
ಬೆಳಕು ಕೊಟ್ಟವರಿಗೆ ಐದನೇ ಮಹಡಿಯಲ್ಲಿ ಎರಡು ಕೋಣೆ,
ಗೋಡೆಯೊಳಗೆ ಬಿಸಿನೀರಿನ ಕೊಳವೆ.
ಬೆಚ್ಚಗಿತ್ತು; ವೊರ್ಶಾ ಸುಳ್ಳು ಹೇಳುವವಳಲ್ಲ.
"ನಮ್ಮೂರೇ ಉರಿಯುತ್ತಿತ್ತಲ್ಲ, ಬೆಚ್ಚಗಿರದೆ ಇನ್ನೇನು," ಎನ್ನುತ್ತಾಳೆ.
ಸರ್ಕಾರ ನಮ್ಮನ್ನು ಎಂದೂ ಏಕವಚನದಲ್ಲಿ ಕರೆದದ್ದಿಲ್ಲ,
ಮರ್ಯಾದೆಗೇನೂ ಕೊರತೆಯಿಲ್ಲ;
ಊರು ಬಿಡಿ ಎನ್ನುವ ಕಾಗದದಲ್ಲೂ 'ದಯವಿಟ್ಟು' ಇತ್ತು.

ಲಿಪಿನಾವನ್ನು ಅಗೆದ ಯಂತ್ರ ಓಡಿಸಿದವನು
ಅವಳ ಪಕ್ಕದಲ್ಲೇ ಕೂತಿದ್ದ:
ಹಾಂದ್ರಿ ವಿಚಾಜ್, ತಂಗಿಯ ಮಗ.
ಆಗ ಇಪ್ಪತ್ತು, ಈಗ ಅರವತ್ತಕ್ಕೆ ಮೂರು ಕಡಿಮೆ.
ತೇಲುವ ಫಲಕಗಳಿಗೆ ಬೋಲ್ಟು ಬಿಗಿಯುವ
ತರಬೇತಿಗೆ ಹೆಸರು ಕೊಟ್ಟಿದ್ದಾನೆ.
"ನನಗೆ ಈಜು ಬರುವುದಿಲ್ಲ," ಎಂದ, ಬೂಟು ನೋಡುತ್ತ.
ನಾನದನ್ನು ಜರ್ಮನಿಗೆ ತಿರುಗಿಸಿದೆ.
ಶ್ರೀಮತಿ ಟೀಲೆಮಾನ್ ಬರೆದುಕೊಂಡರು:
ಈಜು, ಬಜೆಟ್ಟಿಗೆ ಸೇರಿಸುವುದು.

ಹೆಂಗಸು ಕೆಟ್ಟವರಲ್ಲ. ಯೋಜನೆಯೂ ಕೆಟ್ಟದ್ದಲ್ಲ.
ಹಿಮವೇ ಬೀಳದ ಚಳಿಗಾಲ ನಾವೂ ಕಂಡಿದ್ದೇವೆ;
ಪೈನ್ ಕಾಡು ಹೊತ್ತಿಕೊಂಡ ಬೇಸಗೆಗಳನ್ನು
ಗೋಡೆಗುಂಟ ಒರಗಿದ ಆ ಪೈಪು ಬಲ್ಲದು.
ಗಾಳಿಗೆ ತಿರುಗುವುದು ತಿರುಗಲಿ, ಬಿಸಿಲು ತಂತಿಗೆ ಇಳಿಯಲಿ.
ಆದರೂ ಆ ಒಂದು ಪದ.

"ಯಾವುದನ್ನು ಬರೆಯಲಿ? ಇಬ್ಬರದೋ, ಎಲ್ಲರದೋ?"
ಪೆನ್ನು ಮುಚ್ಚಿ, ತೆಗೆದು, ಮತ್ತೆ ಮುಚ್ಚಿ
ಅವರು ಹೇಳಿದರು: "ಸಚಿವಾಲಯವನ್ನು ಕೇಳಬೇಕಾಗುತ್ತದೆ."
ಯಾರೋ ನಕ್ಕರು. ಯಾರೋ ಕಾಫಿ ಫ್ಲಾಸ್ಕಿನ ಮುಚ್ಚಳ ತಿರುವಿದರು.

ಕೇಳಿ ಏಳು ವಾರವಾಯಿತು.
ಆ ವಾಕ್ಯದಲ್ಲಿ ಒಂದು ಪದದಷ್ಟು ಜಾಗ ಬಿಟ್ಟಿದ್ದೇನೆ,
ಹಲ್ಲು ಬಿದ್ದ ಕಡೆಗೆ ನಾಲಗೆ ಹೋಗುವಂತೆ
ದಿನಾ ಹೋಗಿ ಮುಟ್ಟಿ ಬರುತ್ತೇನೆ.

ಅಂದು ರಾತ್ರಿ ಷೆಡ್ಡಿನ ಹೊರಗೆ, ಮರಳು ಜಾರುವ ಇಳಿಜಾರಿನಲ್ಲಿ
ವೊರ್ಶಾ ಕೈಚಾಚಿ ನೀರು ತೋರಿಸಿದಳು,
"ಅಲ್ಲೇ, ಆ ಕೆಂಪು ತೇಲುಬುರುಡೆಯ ಕೆಳಗೆ, ನನ್ನ ಒಲೆ."
ಹಾಂದ್ರಿ ಆ ಕಡೆ ನೋಡಲಿಲ್ಲ. ಟಾರ್ಚು ಹಿಡಿದ.
ಅವಳು ಅವನ ತೋಳಿಗೆ ಆತು
ಹೋಗೋಣ ಎಂದಳು, ಇಬ್ಬರಿಗಷ್ಟೇ ಸಲ್ಲುವ ಹೋಗೋಣ.

ನಾನು ಬಸ್ಸಿಗೆ ಕಾಯುತ್ತಿದ್ದೆ.
ಅದನ್ನು ಅನುವಾದಿಸಲು ಯಾರೂ ಕೇಳಲಿಲ್ಲ.